ಕೆಂಗಣ್ಣಿನ ಕಥನ: ಮಿಂಚುದೀಪದಿಂದ ಗಣಕಯಂತ್ರದವರೆಗೆ

ಕನ್ನಡದಲ್ಲಿ ‘ಕೆಂಗಣ್ಣು’ ಎಂದೊಡನೆ ಸಿಟ್ಟಿನ ನೆನಪೇ ಮೊದಲು ಬರುತ್ತದೆ. ಹಿರಿಯರ ಕೆಂಗಣ್ಣಿಗೆ ಗುರಿಯಾಗುವುದು, ಅಧಿಕಾರಿಗಳ ಕೆಂಗಣ್ಣಿಗೆ ಬೀಳುವುದು ಎಂಬ ಮಾತುಗಳನ್ನು ನಾವೆಲ್ಲ ಬಳಸುತ್ತೇವೆ. ಆದರೆ ಕಳೆದ ನಾಲ್ಕು ದಶಕಗಳಲ್ಲಿ ಈ ಪದಕ್ಕೆ ಇನ್ನೊಂದು ಅರ್ಥ ಒದಗಿ ಬಂದಿದೆ. ಸೊಲ್ಲಾಪುರ, ಅಕ್ಕಲಕೋಟೆ, ತಡವಳ ಸೀಮೆಯ ಯಾವ ಮನೆಯ ಮದುವೆಯ ಆಲ್ಬಮ್ ತೆರೆದರೂ ಒಂದೆರಡು ಪುಟಗಳಲ್ಲಿ ಕೆಂಡದಂತಹ ಕಣ್ಣುಗಳು ನಮ್ಮನ್ನು ದಿಟ್ಟಿಸುತ್ತವೆ. ಸಾಧುಸ್ವಭಾವದ ವರ ಕುಡಿದು ಬಂದವನಂತೆ ಕಾಣುತ್ತಾನೆ. ತೊಡೆಯ ಮೇಲಿನ ಕೂಸು ದೆವ್ವದ ಮರಿಯಂತೆ ತೋರುತ್ತದೆ. ಅಂತಹ ಚಿತ್ರವನ್ನು ಅಪಶಕುನವೆಂದು ಬಗೆದು ಪೆಟ್ಟಿಗೆಯ ತಳಕ್ಕೆ ಹಾಕಿದ ಮನೆಗಳನ್ನು ನಾವು ಬಲ್ಲೆವು. ಈಗ ಆ ಚಿತ್ರಗಳೆಲ್ಲ ಪೆಟ್ಟಿಗೆಯಿಂದ ಹೊರಬಂದು ಗಣಕಯಂತ್ರಕ್ಕೆ ಏರುತ್ತಿವೆ. ಒಂದು ಗುಂಡಿ ಒತ್ತಿದರೆ ಕೆಂಪು ಮಾಯವಾಗುತ್ತದೆ. ಈ ಕೆಂಪು ಎಲ್ಲಿಂದ ಬಂತು, ಅದನ್ನು ಅಳಿಸುವ ವಿದ್ಯೆ ಹೇಗೆ ಬೆಳೆಯಿತು, ಅಳಿಸುವಾಗ ನಾವು ಏನನ್ನು ಕಳೆದುಕೊಳ್ಳಬಹುದು ಎಂಬುದನ್ನು ಇಲ್ಲಿ ನೋಡೋಣ.

ಮೊದಲು ಕಾರಣ. ಕಣ್ಣಿನ ನಡುವಿನ ಪಾಪೆ ಕರಿಯ ಬೊಟ್ಟಿನಂತೆ ಕಂಡರೂ ಅದು ಒಂದು ಕಿಂಡಿ. ಬೆಳಕು ಅದರ ಮೂಲಕ ಒಳಹೊಕ್ಕು ಹಿಂಬದಿಯ ಅಕ್ಷಿಪಟಲವನ್ನು ಮುಟ್ಟುತ್ತದೆ. ಆ ಪಟಲದ ಹಿಂದೆ ರಕ್ತನಾಳಗಳಿಂದ ತುಂಬಿದ ಪದರವಿದೆ. ಅಲ್ಲಿಂದ ಮರಳುವ ಬೆಳಕು ಸಹಜವಾಗಿಯೇ ಕೆಂಪು. ಅದು ಒಳಹೋದ ದಾರಿಯಲ್ಲಿಯೇ ಹಿಂದಿರುಗುವುದರಿಂದ, ದೀಪ ಮತ್ತು ನೋಡುವ ಕಣ್ಣು ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿದ್ದರೆ ಮಾತ್ರ ನಮಗೆ ಕಾಣಿಸುತ್ತದೆ. ಇಂಗ್ಲೆಂಡಿನ ವಿಲಿಯಂ ಕಮ್ಮಿಂಗ್ ೧೮೪೬ರಲ್ಲಿಯೂ ಜರ್ಮನ್ ವಿದ್ವಾಂಸ ಬ್ರೂಕೆ ೧೮೪೭ರಲ್ಲಿಯೂ ಮನುಷ್ಯರ ಕಣ್ಣಿನ ಈ ಹೊಳಪನ್ನು ಗುರುತಿಸಿದರು. ೧೮೫೧ರಲ್ಲಿ ಹೆಲ್ಮ್‌ಹೋಲ್ಟ್ಸ್ ಇದೇ ತತ್ತ್ವದ ಮೇಲೆ ಕಣ್ಣಿನೊಳಗನ್ನು ನೋಡುವ ಉಪಕರಣವನ್ನು ಲೋಕಕ್ಕೆ ಕೊಟ್ಟರು. ಛಾಯಾಗ್ರಾಹಕರಿಗೆ ಪೀಡೆಯೆನಿಸುವುದಕ್ಕೆ ಬಹಳ ಮೊದಲೇ ಈ ಕೆಂಪು ವೈದ್ಯರ ಸಹಾಯಕ್ಕೆ ನಿಂತಿತ್ತು.

ನಮ್ಮ ಒಕ್ಕಲು ಮಂದಿಗೆ ಇದರ ಸೋದರ ಸಂಗತಿಯೊಂದು ಚೆನ್ನಾಗಿ ಗೊತ್ತು. ರಾತ್ರಿ ಅಕ್ಕಲಕೋಟೆಯ ಹಾದಿಯಲ್ಲಿ ಮೋಟಾರಿನ ದೀಪ ಎದುರಿನ ಎತ್ತಿನ ಬಂಡಿಯ ಮೇಲೆ ಬಿದ್ದಾಗ ಎತ್ತುಗಳ ಕಣ್ಣು ಹಸಿರು ಹಳದಿಯಾಗಿ ಮಿನುಗುತ್ತವೆ. ದನ, ನಾಯಿ, ಬೆಕ್ಕುಗಳ ಅಕ್ಷಿಪಟಲದ ಹಿಂದೆ ಕನ್ನಡಿಯಂತಹ ಒಂದು ಪದರವಿದೆ; ಮಂದ ಬೆಳಕಿನಲ್ಲಿ ಕಾಣಲು ಅದು ಅವುಗಳಿಗೆ ನೆರವಾಗುತ್ತದೆ. ಮನುಷ್ಯರಿಗೆ ಆ ಕನ್ನಡಿ ಇಲ್ಲ. ಆದ್ದರಿಂದ ನಮ್ಮ ಕಣ್ಣಿನಿಂದ ಬರಿಯ ರಕ್ತದ ಬಣ್ಣ ಮರಳುತ್ತದೆ. ಕತ್ತಲಲ್ಲಿ ಪಾಪೆ ಹಿರಿದಾಗುತ್ತದೆ, ಹಿರಿದಾದಷ್ಟೂ ಕೆಂಪು ಹೆಚ್ಚು. ವಯಸ್ಸಾದಂತೆ ಪಾಪೆ ಕಿರಿದಾಗುವುದರಿಂದ ಒಂದೇ ಚಿತ್ರದಲ್ಲಿ ಮುತ್ಯಾನ ಕಣ್ಣು ಕಪ್ಪಾಗಿಯೇ ಉಳಿದು ಮೊಮ್ಮಕ್ಕಳ ಕಣ್ಣು ಮಾತ್ರ ಕೆಂಪಾಗಿರುವುದುಂಟು. ಮಕ್ಕಳಿಗೆ ದೃಷ್ಟಿ ತಾಗಿದೆಯೆಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದ ತಾಯಂದಿರಿಗೆ ಈ ಲೆಕ್ಕ ತಿಳಿದಿರಲಿಲ್ಲ.

ಹಾಗಾದರೆ ನಮ್ಮ ಅಜ್ಜ ಮುತ್ತಜ್ಜರ ಪಟಗಳಲ್ಲಿ ಕೆಂಗಣ್ಣು ಏಕಿಲ್ಲ? ೧೮೩೯ರಲ್ಲಿ ಛಾಯಾಗ್ರಹಣ ಲೋಕಕ್ಕೆ ಪ್ರಕಟವಾದ ಮೇಲೆ ಬಹುಕಾಲ ಸೂರ್ಯನೇ ಅದರ ದೀಪವಾಗಿದ್ದನು. ಮುಂಬಯಿಯಲ್ಲಿ ೧೮೫೪ರಲ್ಲಿಯೇ ಛಾಯಾಗ್ರಹಣದ ಸಂಘ ಹುಟ್ಟಿತು. ನಮ್ಮ ಮೂಡಣ ಗಡಿಗೆ ಹತ್ತಿಕೊಂಡಿದ್ದ ನಿಜಾಮರ ಸೀಮೆಯಲ್ಲಿ ರಾಜಾ ದೀನದಯಾಳರು (೧೮೪೪–೧೯೦೫) ಆಸ್ಥಾನದ ಛಾಯಾಗ್ರಾಹಕರಾಗಿ ಹೆಸರಾದರು. ಆ ಕಾಲದ ಸ್ಟುಡಿಯೋಗಳಲ್ಲಿ ಗಾಜಿನ ಮಾಡು ಅಥವಾ ಅಗಲವಾದ ಕಿಟಕಿ ಇರುತ್ತಿತ್ತು. ಹಗಲು ಬೆಳಕಿನಲ್ಲಿ ಪಾಪೆ ಕಿರಿದಾಗಿರುತ್ತದೆ, ಬೆಳಕೂ ಪಕ್ಕದಿಂದ ಬರುತ್ತದೆ. ಕೆಂಪು ಕಾಣಿಸುವ ಪ್ರಶ್ನೆಯೇ ಇಲ್ಲ.

ಇನ್ನೊಂದು ಕಾರಣ ಗಾಜಿನ ಫಲಕದಲ್ಲಿತ್ತು. ಹಿಂದಿನ ಫಲಕಗಳು ನೀಲಿಯನ್ನು ಬಲ್ಲವು, ಕೆಂಪನ್ನು ಅರಿಯವು. ಕೆಂಪು ವಸ್ತುವೆಲ್ಲ ಅವುಗಳಲ್ಲಿ ಕಪ್ಪಾಗಿಯೇ ಮೂಡುತ್ತಿತ್ತು. ನಮ್ಮ ಮುತ್ತಜ್ಜಿಯರ ಹಣೆಯ ಕುಂಕುಮ ಹಳೆಯ ಪಟಗಳಲ್ಲಿ ಮಸಿಯಷ್ಟು ಕಪ್ಪಾಗಿ ಕಾಣುವುದಕ್ಕೆ ಇದೇ ಕಾರಣ. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಫಲಕಗಳು ಮಾರುಕಟ್ಟೆಗೆ ಬಂದದ್ದು ೧೯೦೬ರ ಸುಮಾರಿಗೆ. ಹಳ್ಳಿಯ ಕಡೆಗೆ ಅವು ತಲುಪಲು ಇನ್ನೂ ಬಹಳ ವರ್ಷಗಳು ಹಿಡಿದವು.

ಮಿಂಚುದೀಪದ ಹುಟ್ಟು ಮೆಗ್ನೀಸಿಯಮ್ ಲೋಹದಿಂದ ಆಯಿತು. ೧೮೬೪ರಲ್ಲಿ ಅದರ ತಂತಿಯನ್ನು ಉರಿಸಿ ಚಿತ್ರ ತೆಗೆದರು. ೧೮೮೭ರಲ್ಲಿ ಜರ್ಮನಿಯ ಮೀಥೆ ಮತ್ತು ಗೇಡಿಕೆ ಎಂಬವರು ಮೆಗ್ನೀಸಿಯಮ್ ಪುಡಿಗೆ ಪೊಟ್ಯಾಸಿಯಮ್ ಕ್ಲೋರೇಟ್ ಬೆರೆಸಿ ಥಟ್ಟನೆ ಹೊತ್ತುವ ಮದ್ದನ್ನು ಕಂಡುಹಿಡಿದರು. ತಟ್ಟೆಯಲ್ಲಿಟ್ಟ ಆ ಮದ್ದು ದಟ್ಟ ಹೊಗೆಯೊಡನೆ ಉರಿಯುತ್ತಿತ್ತು. ಕೈ ಸುಟ್ಟುಕೊಂಡವರೂ ಉಂಟು. ಆದರೆ ತಟ್ಟೆಯನ್ನು ಕ್ಯಾಮೆರಾದಿಂದ ದೂರ, ತಲೆಯ ಮೇಲೆತ್ತಿ ಹಿಡಿಯಬೇಕಾಗಿದ್ದುದರಿಂದ ಕೆಂಗಣ್ಣಿನ ಕಾಟವಿರಲಿಲ್ಲ. ೧೯೩೦ರ ಹೊತ್ತಿಗೆ ಗಾಜಿನ ಬುರುಡೆಯೊಳಗೆ ಲೋಹದ ಹಾಳೆ ಉರಿಯುವ ಫ್ಲ್ಯಾಷ್ ಬಲ್ಬು ಬಂತು. ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೋಮಾಯಿ ವ್ಯಾರಾವಾಲಾ (೧೯೧೩–೨೦೧೨) ಅವರ ಪೀಳಿಗೆಯವರು ದೊಡ್ಡ ಕ್ಯಾಮೆರಾದ ಪಕ್ಕಕ್ಕೆ ಉದ್ದನೆಯ ಹಿಡಿ ಜೋಡಿಸಿ ಬಲ್ಬು ಹೊತ್ತಿಸುತ್ತಿದ್ದರು. ಅಲ್ಲಿಯೂ ದೀಪಕ್ಕೂ ಲೆನ್ಸಿಗೂ ಸಾಕಷ್ಟು ಅಂತರವಿತ್ತು.

೧೯೫೦ರಲ್ಲಿ ಸೊಲ್ಲಾಪುರದಲ್ಲಿ ಎಂ. ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ ೩೩ನೆಯ ಕನ್ನಡ ಸಾಹಿತ್ಯ ಸಮ್ಮೇಳನ ನಡೆದುದು ನಮ್ಮ ಗಡಿಯ ಕನ್ನಡಿಗರಿಗೆ ಇಂದಿಗೂ ಹೆಮ್ಮೆಯ ನೆನಪು. ಆ ಕಾಲದ ಸಮಾರಂಭಗಳಲ್ಲಿ ಸಮೂಹಚಿತ್ರವನ್ನು ತೆಗೆಯುತ್ತಿದ್ದುದು ಬಯಲಲ್ಲಿ, ಬಿಸಿಲಲ್ಲಿ. ಮುಂದಿನ ಸಾಲಿನವರು ಕುರ್ಚಿಯ ಮೇಲೆ, ಹಿಂದಿನವರು ಬಾಕಿನ ಮೇಲೆ, ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡು ನಿಂತಿರುತ್ತಾರೆ. ಕಣ್ಣು ಮುಚ್ಚಿದವರಿರಬಹುದು, ಕೆಂಗಣ್ಣಿನವರು ಸಿಗುವುದಿಲ್ಲ.

ಪೀಡೆ ಹುಟ್ಟಿದ್ದು ಕ್ಯಾಮೆರಾ ಚಿಕ್ಕದಾದ ಮೇಲೆ. ಕೊಡಾಕ್ ಕಂಪನಿಯು ೧೯೬೩ರಲ್ಲಿ ಇನ್‌ಸ್ಟಮ್ಯಾಟಿಕ್ ಎಂಬ ಕಿರು ಕ್ಯಾಮೆರಾವನ್ನೂ ೧೯೬೫ರಲ್ಲಿ ನಾಲ್ಕು ಬಲ್ಬುಗಳ ಫ್ಲ್ಯಾಷ್ ಘನವನ್ನೂ ತಂದಿತು. ಘನ ಲೆನ್ಸಿನ ನೆತ್ತಿಯ ಮೇಲೆಯೇ ಕೂರುತ್ತಿತ್ತು. ಕಣ್ಣು ಕೆಂಪಾಗುತ್ತಿದೆಯೆಂಬ ದೂರು ಬಂದಾಗ ಅದನ್ನು ಎತ್ತರಿಸುವ ಕೊರಳೊಂದನ್ನು ಬೇರೆಯಾಗಿ ಮಾರಿದರು. ೧೯೭೫ರಲ್ಲಿ ಜಪಾನಿನ ಕೊನಿಕಾ ಕಂಪನಿ ಕ್ಯಾಮೆರಾದ ಒಡಲಿನೊಳಗೇ ವಿದ್ಯುತ್ ಫ್ಲ್ಯಾಷನ್ನು ಅಡಗಿಸಿತು. ಅಲ್ಲಿಂದ ಮುಂದೆ ಲೋಕದ ಎಲ್ಲ ಮನೆಬಳಕೆಯ ಕ್ಯಾಮೆರಾಗಳೂ ಅದೇ ಹಾದಿ ಹಿಡಿದವು.

ಲೆಕ್ಕ ಸರಳವಾಗಿದೆ, ನಾವು ಶಾಲೆಯಲ್ಲಿ ಗಣಿತವನ್ನೂ ಹೇಳಿದವರಾದ್ದರಿಂದ ಬಿಡಲಾರೆವು. ಲೆನ್ಸಿಗೂ ಫ್ಲ್ಯಾಷಿಗೂ ೫ ಸೆಂಟಿಮೀಟರ್ ಅಂತರವಿದ್ದು ಎದುರಿನವರು ೨ ಮೀಟರ್ ದೂರದಲ್ಲಿದ್ದರೆ ಎರಡರ ನಡುವಿನ ಕೋನ ಒಂದೂವರೆ ಡಿಗ್ರಿಗೂ ಕಡಿಮೆ. ೪ ಮೀಟರ್ ಹಿಂದೆ ಸರಿದರೆ ಅದು ಇನ್ನೂ ಅರ್ಧವಾಗುತ್ತದೆ. ವೃತ್ತಿಪರರು ೨೫ ಸೆಂಟಿಮೀಟರ್ ಪಕ್ಕಕ್ಕೆ ಹಿಡಿಯುವ ಫ್ಲ್ಯಾಷಿನಲ್ಲಿ ಅದೇ ಕೋನ ೨ ಮೀಟರಿಗೆ ಸುಮಾರು ಏಳು ಡಿಗ್ರಿ. ಕೋನ ಕಿರಿದಾದಷ್ಟೂ ಮರಳುವ ಕೆಂಪು ಬೆಳಕು ನೇರವಾಗಿ ಲೆನ್ಸಿನೊಳಗೆ ಬಂದು ಬೀಳುತ್ತದೆ.

ನಮ್ಮ ದೇಶದಲ್ಲಿ ೧೯೬೦ರಲ್ಲಿ ಊಟಿಯಲ್ಲಿ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಸ್ಥಾಪನೆಯಾಗಿ ೧೯೬೭ರಿಂದ ‘ಇಂದು’ ಹೆಸರಿನ ಫಿಲ್ಮು ದೊರೆಯತೊಡಗಿತು. ಮಧ್ಯಮವರ್ಗದ ಮನೆಗಳಲ್ಲಿ ಆಗ್ಫಾ ಕ್ಲಿಕ್ ೩ ಎಂಬ ಕರಿಯ ಡಬ್ಬಿ ಇರುತ್ತಿತ್ತು. ಅದು ಬಿಸಿಲಿನ ಕ್ಯಾಮೆರಾ. ೧೯೮೦ರ ದಶಕದಲ್ಲಿ ‘ಖಟಕ್’ ಎಂಬ ಜಾಹೀರಾತಿನೊಡನೆ ಹಾಟ್‌ಶಾಟ್ ಬಂತು. ತರುವಾಯ ಯಾಶಿಕಾ ಎಂಎಫ್-೨, ಕೊಡಾಕ್ ಕೆಬಿ-೧೦ ಬಂದವು. ಗಲ್ಫಿಗೆ ಹೋದವರು, ಪುಣೆ ಮುಂಬಯಿ ಗಿರಣಿಗಳಿಂದ ದೀಪಾವಳಿಗೆ ಮರಳಿದವರು ಅವನ್ನು ಕೊರಳಿಗೆ ನೇತುಹಾಕಿಕೊಂಡು ಬಂದರು. ಅದೇ ಹೊತ್ತಿಗೆ ಬಣ್ಣದ ಫಿಲ್ಮು ಸುಲಭಬೆಲೆಗೆ ಸಿಗಲಾರಂಭಿಸಿ ಕಪ್ಪುಬಿಳುಪು ಹಿಂದೆ ಸರಿಯಿತು. ಕಪ್ಪುಬಿಳುಪಿನಲ್ಲಿ ಬರಿಯ ಬೂದು ಚುಕ್ಕೆಯಾಗಿ ಮರೆಯಾಗುತ್ತಿದ್ದ ದೋಷ ಬಣ್ಣದಲ್ಲಿ ಕಣ್ಣಿಗೆ ಹೊಡೆಯುವಂತೆ ಕಾಣತೊಡಗಿತು.

ನಮ್ಮ ಸೀಮೆಯ ಒಂದು ಪದ್ಧತಿಯೂ ಇದಕ್ಕೆ ನೀರೆರೆಯಿತು. ಇಲ್ಲಿ ಗೋಧೂಳಿ ಮುಹೂರ್ತದ ಲಗ್ನಗಳು ಬಹಳ. ಅಕ್ಷತೆ ಬೀಳುವುದು ಹೊತ್ತು ಮುಳುಗುವಾಗ. ಊಟ, ಮೆರವಣಿಗೆ, ಮನೆ ತುಂಬಿಸಿಕೊಳ್ಳುವುದು ಎಲ್ಲವೂ ಕತ್ತಲಾದ ಮೇಲೆ. ಹಂದರದಲ್ಲಿ ಒಂದೆರಡು ಬಲ್ಬು, ಅವೂ ಮಂದ, ನಡುವೆ ಲೋಡ್‌ಶೆಡ್ಡಿಂಗ್. ಎಲ್ಲರ ಪಾಪೆಗಳೂ ಹಿರಿದಾಗಿ ಅರಳಿರುವ ಹೊತ್ತಿನಲ್ಲಿ ಎದುರಿನಿಂದ ಮಿಂಚು ಹೊಡೆದರೆ ಏನಾದೀತು? ಹಗಲಿನ ಮುಹೂರ್ತದ ಆಲ್ಬಮ್ಮನ್ನೂ ಗೋಧೂಳಿಯ ಆಲ್ಬಮ್ಮನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ತಾನೇ ತಿಳಿಯುತ್ತದೆ.

ಕಂಪನಿಗಳು ಸುಮ್ಮನೆ ಕೂರಲಿಲ್ಲ. ಚಿತ್ರ ತೆಗೆಯುವ ಮುನ್ನ ಒಂದು ಕ್ಷಣ ದೀಪ ಬೆಳಗಿಸಿ ಪಾಪೆಯನ್ನು ಕಿರಿದಾಗಿಸುವ ಉಪಾಯ ತಂದರು. ಉಪಾಯ ಒಳ್ಳೆಯದೇ. ಆದರೆ ನಮ್ಮ ಬೀಗರು ಮೊದಲ ಬೆಳಕಿಗೇ ‘ಆಯ್ತು’ ಎಂದು ಎದ್ದು ಊಟದ ಪಂಕ್ತಿಯ ಕಡೆ ತಿರುಗುತ್ತಿದ್ದರು. ಎರಡನೆಯ ಬೆಳಕಿಗೆ ಅವರ ಬೆನ್ನು ಸಿಗುತ್ತಿತ್ತು. ಇಂತಹ ಬೆನ್ನುಗಳ ಚಿತ್ರಗಳೂ ನಮ್ಮ ಆಲ್ಬಮ್ಮುಗಳಲ್ಲಿ ಕಡಿಮೆಯಿಲ್ಲ.

ಚಿತ್ರ ತಿದ್ದುವ ಕಲೆ ಗಣಕಯಂತ್ರದೊಡನೆ ಹುಟ್ಟಿತೆಂದು ಇಂದಿನ ಹುಡುಗರು ತಿಳಿದಿದ್ದಾರೆ. ಗಾಜಿನ ಫಲಕದ ಕಾಲದಲ್ಲಿಯೇ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಚೂಪಾದ ಪೆನ್ಸಿಲ್ ಹಿಡಿದು ನೆಗೆಟಿವ್ ಮೇಲೆ ಸುಕ್ಕು, ಸಿಡುಬಿನ ಕಲೆಗಳನ್ನು ಮರೆಮಾಡುವ ಕುಶಲಿಗಳಿದ್ದರು. ಕಪ್ಪುಬಿಳುಪು ಪಟಕ್ಕೆ ಕೈಯಿಂದ ಬಣ್ಣ ಹಚ್ಚಿ ಸೀರೆಯ ಸೆರಗನ್ನೂ ರುಮಾಲನ್ನೂ ಬೆಳಗಿಸುತ್ತಿದ್ದರು. ಬಣ್ಣದ ಪ್ರಿಂಟು ಬಂದ ಮೇಲೆ ಕೆಂಗಣ್ಣಿಗೆಂದೇ ಬಣ್ಣದ ಪೆನ್ನುಗಳು ಮಾರಾಟಕ್ಕೆ ಬಂದವು. ಅದರ ತುದಿಯನ್ನು ಪಾಪೆಯ ಮೇಲೆ ಮೆಲ್ಲನೆ ಮುಟ್ಟಿಸಿದರೆ ಕೆಂಪು ಕರಗಿ ಗಾಢವಾಗುತ್ತಿತ್ತು. ಪೆನ್ನಿಲ್ಲದವರು ಕರಿಯ ಶಾಯಿಯನ್ನೇ ಇಟ್ಟುಬಿಡುತ್ತಿದ್ದರು. ಆಗ ಕಣ್ಣಿನ ಜೀವಕಳೆ ಹೋಗಿ ಬೊಂಬೆಯ ಕಣ್ಣಾಗುತ್ತಿತ್ತು.

ಗಣಕಯಂತ್ರದ ಯುಗ ಬಂದದ್ದು ೧೯೯೦ರ ಫೆಬ್ರವರಿಯಲ್ಲಿ, ಅಮೆರಿಕೆಯ ಥಾಮಸ್ ಮತ್ತು ಜಾನ್ ನೋಲ್ ಎಂಬ ಸಹೋದರರು ರಚಿಸಿದ ಫೋಟೋಶಾಪ್ ಅಡೋಬಿ ಕಂಪನಿಯಿಂದ ಹೊರಬಿದ್ದಾಗ. ನಮ್ಮ ಊರುಗಳ ಸ್ಟುಡಿಯೋಗಳಿಗೆ ಅದು ಬರಲು ಹತ್ತು ಹನ್ನೆರಡು ವರ್ಷ ಬೇಕಾದವು. ೨೦೦೨ರ ಫೋಟೋಶಾಪ್ ೭ ಎಂಬ ಆವೃತ್ತಿ ಇಲ್ಲಿ ಬಹುಕಾಲ ಆಳಿತು. ಅದರಲ್ಲಿ ಕೆಂಗಣ್ಣಿಗೆ ಪ್ರತ್ಯೇಕ ಸಾಧನವಿರಲಿಲ್ಲ. ಹುಡುಗರು ಪಾಪೆಯ ಸುತ್ತ ದುಂಡಗೆ ಗೆರೆ ಎಳೆದು, ಅಷ್ಟು ಭಾಗದ ಬಣ್ಣವನ್ನು ಹೀರಿ ತೆಗೆದು, ಬಳಿಕ ಕಪ್ಪು ಮಾಡುತ್ತಿದ್ದರು. ೨೦೦೫ರ ಸಿಎಸ್-೨ ಆವೃತ್ತಿಯಲ್ಲಿ ಒಂದೇ ಒತ್ತಿಗೆ ಕೆಲಸ ಮುಗಿಸುವ ಸಾಧನ ಬಂತು. ಪಾಪೆ ಎಷ್ಟು ದೊಡ್ಡದು, ಎಷ್ಟು ಗಾಢ ಮಾಡಬೇಕು ಎಂಬ ಎರಡೇ ಪ್ರಶ್ನೆಗಳನ್ನು ಅದು ಕೇಳುತ್ತದೆ. ಉಚಿತವಾಗಿ ದೊರೆಯುವ ಗಿಂಪ್ ತಂತ್ರಾಂಶಕ್ಕೆ ೨೦೦೭ರಲ್ಲಿ ಈ ಸೌಲಭ್ಯ ಸೇರಿತು. ಗೂಗಲ್ ಕಂಪನಿ ೨೦೦೪ರಲ್ಲಿ ಕೊಂಡುಕೊಂಡ ಪಿಕಾಸಾದಲ್ಲಿ ಮನೆಯ ಹೆಣ್ಣುಮಕ್ಕಳೂ ಕೆಂಗಣ್ಣು ತಿದ್ದಿದರು. ೨೦೧೬ರಲ್ಲಿ ಅದನ್ನು ನಿಲ್ಲಿಸಿದಾಗ ಬೇಸರಪಟ್ಟವರು ನಮ್ಮಲ್ಲಿಯೂ ಇದ್ದರು.

ಒಳಗಿನ ಕೆಲಸ ಹೀಗೆ. ಗಣಕದ ಚಿತ್ರವೆಂದರೆ ಲಕ್ಷಾಂತರ ಚುಕ್ಕೆಗಳು. ಪ್ರತಿ ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕಗಳು, ಪ್ರತಿಯೊಂದೂ ಸೊನ್ನೆಯಿಂದ ೨೫೫ರವರೆಗೆ. ಕೆಂಗಣ್ಣಿನ ಚುಕ್ಕೆಯಲ್ಲಿ ಕೆಂಪು ೨೦೦, ಹಸಿರು ೫೦, ನೀಲಿ ೪೦ ಇದೆಯೆನ್ನಿ. ಕೆಂಪು ಉಳಿದೆರಡಕ್ಕಿಂತ ಬಹಳ ಮೀರಿದೆಯೆಂದು ಕಂಡರೆ ತಂತ್ರಾಂಶ ಅದನ್ನು ತೆಗೆದುಹಾಕಿ ಹಸಿರು ನೀಲಿಗಳ ಸರಾಸರಿಯಾದ ೪೫ನ್ನು ಅಲ್ಲಿಡುತ್ತದೆ. ಚುಕ್ಕೆ ಕಪ್ಪಾಗುತ್ತದೆ. ಪಾಪೆಯ ಮೇಲೆ ಮಿನುಗುವ ಬಿಳಿಯ ಕಿಡಿಯಲ್ಲಿ ಮೂರು ಅಂಕಗಳೂ ಸಮನಾಗಿ ಹೆಚ್ಚಿರುವುದರಿಂದ ಅದು ಹಾಗೆಯೇ ಉಳಿಯುತ್ತದೆ. ಶಾಯಿ ಇಟ್ಟ ಕಣ್ಣಿಗೂ ಇದಕ್ಕೂ ಇರುವ ಭೇದ ಆ ಕಿಡಿಯಲ್ಲಿದೆ. ಇದು ಒಂದು ಬಗೆಯ ಲೆಕ್ಕ. ಬೇರೆ ಬೇರೆ ತಂತ್ರಾಂಶಗಳು ಇದನ್ನೇ ತುಸು ಬದಲಿಸಿ ಮಾಡುತ್ತವೆ.

ತಾನೇ ಹುಡುಕಿ ತಾನೇ ತಿದ್ದುವ ಯಂತ್ರದಲ್ಲಿ ತೊಡಕಿದೆ. ಅದು ಹುಡುಕುವುದು ಮುಖದ ಮೇಲಿನ ದುಂಡನೆಯ ಕೆಂಪು ಚುಕ್ಕೆಯನ್ನು. ನಮ್ಮ ಹೆಣ್ಣುಮಕ್ಕಳ ಹಣೆಯ ಮೇಲೆ ಇರುವುದು ಏನು? ಅದೂ ದುಂಡು, ಅದೂ ಕೆಂಪು, ಅದೂ ಎರಡು ಕಣ್ಣುಗಳ ನೆರೆಯಲ್ಲಿಯೇ. ನಮಗೆ ಪರಿಚಯದ ಒಂದು ಮನೆಯಲ್ಲಿ ತೀರಿಹೋದ ತಾಯಿಯ ಚಿತ್ರವನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸಿ ತಂದರು. ಆಕೆ ಮುತ್ತೈದೆಯಾಗಿ ಹೋದವರು. ಅದೊಂದೇ ಬಣ್ಣದ ಚಿತ್ರ. ಕಣ್ಣು ನೆಟ್ಟಗಾಗಿತ್ತು, ಹಣೆಯ ಕುಂಕುಮ ಕಪ್ಪಾಗಿತ್ತು. ಗಂಡ ಅದನ್ನು ನೋಡಿ ಒಂದು ಮಾತನ್ನೂ ಆಡದೆ ಗೋಡೆಯ ಕಡೆ ತಿರುಗಿಸಿಟ್ಟರು. ಮಗಳು ಮರುದಿನ ಸ್ಟುಡಿಯೋಗೆ ಹೋಗಿ ಕೇಳಿದಾಗ ಮೂಲ ಚಿತ್ರದ ಮೇಲೆಯೇ ತಿದ್ದಿ ಉಳಿಸಿದ್ದೇವೆ, ಹಳೆಯದು ಇಲ್ಲ ಎಂಬ ಉತ್ತರ ದೊರೆಯಿತು. ಪುಣ್ಯಕ್ಕೆ ಕಾಗದದ ಪ್ರಿಂಟು ಅವರ ಪೆಟ್ಟಿಗೆಯಲ್ಲಿ ಇತ್ತು. ಎಷ್ಟೋ ಮನೆಗಳಲ್ಲಿ ಅದೂ ಇರುವುದಿಲ್ಲ. ೧೯೯೩ರಲ್ಲಿ ಶೇಷನ್ ಅವರ ಕಾಲದಲ್ಲಿ ಆರಂಭವಾದ ಮತದಾರರ ಗುರುತಿನ ಚೀಟಿಯ ಮಸುಕು ಮುಖವೇ ನಮ್ಮ ಹಳ್ಳಿಯ ಅನೇಕ ಹಿರಿಯರ ಏಕೈಕ ಪಟ.

ಇದಕ್ಕಿಂತ ಗಂಭೀರವಾದ ಇನ್ನೊಂದು ವಿಷಯವಿದೆ. ಮಕ್ಕಳಿರುವ ಮನೆಯವರು ಇದನ್ನು ಗಮನವಿಟ್ಟು ಓದಬೇಕು. ಫ್ಲ್ಯಾಷ್ ಚಿತ್ರದಲ್ಲಿ ಕೂಸಿನ ಎರಡೂ ಕಣ್ಣು ಒಂದೇ ಬಗೆಯಲ್ಲಿ ಕೆಂಪಾಗಿದ್ದರೆ ಕಣ್ಣಿನೊಳಗಿನ ದಾರಿ ನಿರ್ಮಲವಾಗಿದೆಯೆಂದು ಹೆಚ್ಚುಪಾಲು ತಿಳಿಯಬಹುದು. ಹುಟ್ಟಿದ ಶಿಶುವಿನ ಕಣ್ಣಿಗೆ ಬೆಳಕು ಬಿಟ್ಟು ವೈದ್ಯರು ಹುಡುಕುವುದೂ ಈ ಕೆಂಪನ್ನೇ. ಒಂದು ಕಣ್ಣು ಕೆಂಪಾಗಿ ಇನ್ನೊಂದು ಬಿಳಿಯಾಗಿಯೋ ಹಳದಿಯಾಗಿಯೋ ಹೊಳೆದರೆ ಯೋಚಿಸಬೇಕು. ಹುಟ್ಟಿನಿಂದ ಬಂದ ಪೊರೆ ಇರಬಹುದು, ಮೆಳ್ಳೆಗಣ್ಣಿರಬಹುದು, ರೆಟಿನೋಬ್ಲಾಸ್ಟೋಮಾ ಎಂಬ ಅಕ್ಷಿಪಟಲದ ಕ್ಯಾನ್ಸರ್ ಇರಬಹುದು. ಈ ಕ್ಯಾನ್ಸರ್ ೧೫,೦೦೦ರಿಂದ ೨೦,೦೦೦ ಜನನಗಳಿಗೆ ಒಂದರಂತೆ, ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳಲ್ಲಿ ಕಾಣಿಸುತ್ತದೆ. ಬೇಗ ತಿಳಿದರೆ ಜೀವ ಉಳಿಯುತ್ತದೆ, ಎಷ್ಟೋ ವೇಳೆ ಕಣ್ಣೂ ಉಳಿಯುತ್ತದೆ. ಕೂಸು ಓರೆಯಾಗಿ ನೋಡಿದಾಗ ಆರೋಗ್ಯವಂತ ಕಣ್ಣೂ ಒಮ್ಮೊಮ್ಮೆ ಬಿಳಿಯಾಗಿ ಹೊಳೆಯುವುದುಂಟು. ಆದರೆ ಅದನ್ನು ನಿರ್ಣಯಿಸಬೇಕಾದವರು ಕಣ್ಣಿನ ವೈದ್ಯರು.

ಅಮೆರಿಕೆಯ ಬೇಲರ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಬ್ರಯಾನ್ ಶಾ ಅವರ ಮಗನಿಗೆ ಈ ಕ್ಯಾನ್ಸರ್ ಇತ್ತು. ಶಾ ಅವರು ಮನೆಯ ಸಾವಿರಾರು ಚಿತ್ರಗಳನ್ನು ಒಂದೊಂದಾಗಿ ಹಿಂದಿರುಗಿ ನೋಡಿದಾಗ ಕೂಸಿಗೆ ೧೨ ದಿನವಾಗಿದ್ದಾಗಲೇ ಬಿಳಿಯ ಹೊಳಪು ಕಾಣಿಸಿಕೊಂಡಿತ್ತು. ಅವರು ಸಂಗಡಿಗರೊಡನೆ ಮೊಬೈಲಿನಲ್ಲಿ ಚಿತ್ರಗಳನ್ನು ಶೋಧಿಸುವ ತಂತ್ರಾಂಶ ರಚಿಸಿದರು. ೨೦೧೯ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಕಣ್ಣಿನ ರೋಗವಿದ್ದ ೨೦ ಮಕ್ಕಳ ಪೈಕಿ ೧೬ ಮಕ್ಕಳ ಚಿತ್ರಗಳಲ್ಲಿ, ವೈದ್ಯರು ರೋಗ ಗುರುತಿಸುವುದಕ್ಕೆ ಸರಾಸರಿ ೧.೩ ವರ್ಷ ಮೊದಲೇ ಆ ಹೊಳಪು ಸಿಕ್ಕಿತು. ನಮ್ಮ ಸ್ಟುಡಿಯೋದ ಹುಡುಗನೊಬ್ಬ ‘ಒಂದು ಕಣ್ಣು ಬೆಳ್ಳಗ ಬಂದೈತಿ’ ಎಂದು ಮತ್ತೊಂದರ ಕಪ್ಪನ್ನು ತಂದು ಅದರ ಮೇಲೆ ಅಂಟಿಸಿದರೆ ಚಿತ್ರ ಅಂದವಾಗುತ್ತದೆ, ಕೂಸಿನ ಗತಿಯೇನು? ಬಿಳಿಯ ಕಣ್ಣನ್ನು ತಿದ್ದುವ ಮುನ್ನ ಮನೆಯವರಿಗೆ ಒಂದು ಮಾತು ತಿಳಿಸಬೇಕೆಂದು ನಮ್ಮ ಊರುಗಳ ಛಾಯಾಗ್ರಾಹಕ ಬಂಧುಗಳಲ್ಲಿ ನಾವು ಕೈಮುಗಿದು ಕೇಳುತ್ತೇವೆ.

ಈಗಿನ ಮೊಬೈಲುಗಳಲ್ಲಿ ಕೆಂಗಣ್ಣು ಕಡಿಮೆಯಾಗುತ್ತಿದೆ. ಕತ್ತಲಲ್ಲಿಯೂ ಫ್ಲ್ಯಾಷ್ ಇಲ್ಲದೆ ಹಲವು ಚಿತ್ರಗಳನ್ನು ಬೆಸೆದು ಒಂದು ಮಾಡುವ ಶಕ್ತಿ ಅವಕ್ಕೆ ಬಂದಿದೆ. ಉಳಿದದ್ದನ್ನು ನಮ್ಮನ್ನು ಕೇಳದೆಯೇ ಒಳಗೊಳಗೆ ತಿದ್ದಿಬಿಡುವ ಮೊಬೈಲುಗಳೂ ಇವೆ. ಪಾಸ್‌ಪೋರ್ಟಿನ ಚಿತ್ರದಲ್ಲಿ ಮಾತ್ರ ಕೆಂಗಣ್ಣು ಇರಕೂಡದೆಂದು ಅಂತರರಾಷ್ಟ್ರೀಯ ನಿಯಮವೇ ಇದೆ. ಅಲ್ಲಿ ತಿದ್ದುವುದಕ್ಕಿಂತ ಇನ್ನೊಮ್ಮೆ ಬೆಳಕು ನೋಡಿ ತೆಗೆಸುವುದು ಲೇಸು.

ಸಮ್ಮೇಳನದ ಸಂದರ್ಭದಲ್ಲಿ ಮನೆಮನೆಗಳಿಂದ ಹಳೆಯ ಚಿತ್ರಗಳನ್ನು ಕೂಡಿಸುತ್ತಿರುವ ತರುಣರಿಗೆ ನಮ್ಮ ಸೂಚನೆಗಳು ಕೆಲವೇ. ಸ್ಕ್ಯಾನ್ ಮಾಡಿದ ಮೂಲವನ್ನು ಕೆಂಗಣ್ಣು ಸಹಿತ ಹಾಗೆಯೇ ಒಂದು ಕಡೆ ಇಡಿ. ತಿದ್ದಿದ ಪ್ರತಿಗೆ ಬೇರೆ ಹೆಸರು ಕೊಡಿ. ಯಂತ್ರ ತಾನೇ ತಿದ್ದುವುದನ್ನು ನಿಲ್ಲಿಸಿ ಒಂದೊಂದು ಕಣ್ಣನ್ನೂ ಕೈಯಿಂದಲೇ ಆರಿಸಿ, ಹಣೆಯನ್ನೊಮ್ಮೆ ನೋಡಿಕೊಳ್ಳಿ. ಪ್ರಿಂಟಿನ ಹಿಂಬದಿಯಲ್ಲಿ ಮೋಡಿ ಲಿಪಿಯಲ್ಲಿಯೋ ಕನ್ನಡದಲ್ಲಿಯೋ ಯಾರಾದರೂ ಹೆಸರು, ಊರು ಬರೆದಿದ್ದರೆ ಅದನ್ನೂ ಸ್ಕ್ಯಾನ್ ಮಾಡಿ. ಮೋಡಿ ಓದಲು ಬರುವ ಹಿರಿಯರು ಅಕ್ಕಲಕೋಟೆಯಲ್ಲಿ ಇನ್ನೂ ಕೆಲವರು ಇದ್ದಾರೆ.